ಮೈಮೇಲಿನ ಚುಕ್ಕಿ

ಮಗಳಿಗೆ ನೀರು ಹಾಕುವಾಗ ಮಂಜಮ್ಮ ಬಚ್ಚಲ ಬಾಗಿಲು ಮುಚ್ಚುತ್ತಿರಲಿಲ್ಲ. ಅವಳಿಗೆ ಹೊರಗಿನ ಬೆಳಕು ಬೇಕಿತ್ತು. ಆರು ವರ್ಷದ ವಾಣಿಶ್ರೀಯನ್ನು ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿ, ಬೆನ್ನು, ಕಂಕುಳು, ತೊಡೆಯ ಹಿಂಭಾಗ, ಕೊನೆಗೆ ಬಾಯಿ ಅಗಲಿಸಿ ವಸಡು, ಹೀಗೆ ಒಂದಿಂಚೂ ಬಿಡದೆ ನೋಡುತ್ತಿದ್ದಳು. ಎಲ್ಲಿಯಾದರೂ ಸಾಸಿವೆಯಷ್ಟು ಕೆಂಪು ಚುಕ್ಕಿ ಕಂಡೀತು, ಪೆಟ್ಟು ಬೀಳದ ಜಾಗದಲ್ಲಿ ಚರ್ಮ ನೀಲಿಗಟ್ಟಿದ್ದೀತು ಎಂದು ಅವಳು ದಿನವೂ ಅಂಜುತ್ತಿದ್ದಳು. ಏನೂ ಕಾಣದಿದ್ದರೆ ಆವತ್ತಿನ ಮಟ್ಟಿಗೆ ಉಸಿರು ಬಿಡುತ್ತಿದ್ದಳು.

"ಯವ್ವಾ, ಥಂಡಿ ಆಗತೈತಿ. ಲಗೂನ ಹಾಕು" ಎಂದು ಹುಡುಗಿ ನಡುಗುತ್ತಿದ್ದಳು.

"ತಡಿ, ಕಿವಿ ಹಿಂದ ಮಣ್ಣೈತಿ."

ಅತ್ತೆ ಕೆಂಚಕ್ಕ ಒಲೆಯ ಮುಂದಿನಿಂದಲೇ ಗೊಣಗುತ್ತಿದ್ದಳು. "ದಿನಾ ಏನ್ ನೋಡ್ತಿಯವ್ವಾ ಆ ಕೂಸಿನ ಮೈನ? ಸಂತ್ಯಾಗ ಎಮ್ಮಿ ನೋಡಿದಂಗ ನೋಡ್ತಿ. ಆರಾಮಾಗೇತಿ ಅಂತ ದೊಡ್ಡ ಡಾಕ್ಟರ್ರೇ ಹೇಳ್ಯಾರಂತಲ್ಲ!"

ಹಾಗೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಅದು ಮಂಜಮ್ಮನೇ ಹುಟ್ಟಿಸಿದ ಮಾತು.

ಮಂಜಮ್ಮ ಹಗರಿಬೊಮ್ಮನಹಳ್ಳಿ ಡಿಪೊದಲ್ಲಿ ಬಸ್ ಕಂಡಕ್ಟರ್. ಗಂಡ ಮಾರೇಶ ಬೋರು ಕೊರೆಯುವ ಲಾರಿಯ ಜೊತೆ ಊರೂರು ಸುತ್ತುವವನು, ಮನೆಗೆ ಬರುವುದೇ ಅಪರೂಪ. ಹೋದ ಬೇಸಿಗೆಯಲ್ಲಿ ವಾಣಿಗೆ ಜ್ವರ ಹಿಡಿದದ್ದು ಬಿಡಲೇ ಇಲ್ಲ. ಕಾಲಿನ ತುಂಬ ಕೆಂಪು ಚುಕ್ಕಿಗಳೆದ್ದವು. ಊರಿನ ಡಾಕ್ಟರು ರಕ್ತದ ವರದಿ ನೋಡಿದವರೇ ಕುರ್ಚಿಯಿಂದೆದ್ದು ಬಾಗಿಲು ಹಾಕಿ ಬಂದು, "ಇವತ್ತೇ ಬೆಂಗಳೂರಿಗೆ ಹೊರಡ್ರಿ" ಎಂದರು. ಅವರು ಬಾಗಿಲು ಹಾಕಿದ್ದು ಯಾಕೆಂದು ಮಂಜಮ್ಮನಿಗೆ ತಿಳಿದದ್ದು ಬೆಂಗಳೂರಿಗೆ ಹೋದ ಮೇಲೆ. ಮಗಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು.

ಅಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಸಂಸ್ಥೆಯವರು ದೂರದೂರಿನ ಇಂಥ ಮಕ್ಕಳಿಗೆಂದೇ ಒಂದು ಮನೆ ನಡೆಸುತ್ತಿದ್ದರು. ಒಂದೊಂದು ಕೋಣೆಗೆ ಒಂದೊಂದು ಕುಟುಂಬ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಅಲ್ಲಿಗೆ ಬಂದವರನ್ನು ನೋಡಿಕೊಳ್ಳಲು ಕ್ರಾಂತಿ ಎಂಬ ಹುಡುಗಿ ಇದ್ದಳು, ಕೂಡ್ಲಿಗಿ ಕಡೆಯವಳು. ಡಾಕ್ಟರ ಇಂಗ್ಲಿಷನ್ನು ತಾಯಂದಿರ ಮಾತಿಗಿಳಿಸಿ ಹೇಳುವುದು, ಔಷಧಿ ತಪ್ಪದಂತೆ ನೆನಪಿಸುವುದು, ಅಳುವವರ ಪಕ್ಕ ಸುಮ್ಮನೆ ಕೂತುಕೊಳ್ಳುವುದು ಅವಳ ಕೆಲಸ. ಆ ಮನೆಯಲ್ಲಿ ತಾಯಂದಿರಿಗೆ ಸ್ವಂತ ಹೆಸರಿರಲಿಲ್ಲ. ಮಂಜಮ್ಮ ಅಲ್ಲಿ 'ವಾಣಿಯಮ್ಮ'. ಎದುರು ಕೋಣೆಯ ಅರ್ಚನಾ 'ಪ್ರವೀಣನಮ್ಮ'. ಅರ್ಚನಾ ಹರಪನಹಳ್ಳಿ ಹತ್ತಿರದ ಬಾಗಳಿಯವಳು. ಒಂದೇ ಸೀಮೆಯವರೆಂದು ಇಬ್ಬರಿಗೂ ಬೇಗ ಹೊಂದಿತು. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಪಲ್ಯ ಮಾಡುತ್ತಿದ್ದಳು. ಒಂಬತ್ತು ವರ್ಷದ ಪ್ರವೀಣಕುಮಾರ್ ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದು ವಾಣಿಗೆ ಚೌಕಾಬಾರ ಕಲಿಸಿದ್ದ. ಬೇಕೆಂದೇ ಸೋತು, "ಇಕಿ ಭಾರಿ ಮೋಸಗಾರ್ತಿ" ಎಂದು ಕೂಗಾಡಿ ಅವಳನ್ನು ನಗಿಸುತ್ತಿದ್ದ.

ಮೊದಲ ಹಂತದ ಔಷಧಿ ಮುಗಿದಾಗ ಡಾಕ್ಟರು ವಾಣಿಯ ಮೂಳೆಯೊಳಗಿನ ಮಜ್ಜೆ ತೆಗೆದು ಪರೀಕ್ಷೆ ಮಾಡಿಸಿ, "ರೋಗ ಈಗ ಕಾಣಿಸುತ್ತಿಲ್ಲ" ಎಂದಿದ್ದರು. ಅದರ ಹಿಂದೆಯೇ, "ಆದರೆ ಬೇರು ಒಳಗೇ ಇರುತ್ತೆ. ಎರಡು ವರ್ಷಕ್ಕೂ ಮೇಲೆ ಔಷಧಿ ನಡೀಬೇಕು" ಎಂದೂ ಹೇಳಿದ್ದರು. ಮಂಜಮ್ಮನ ಕಿವಿ ಮೊದಲ ಮಾತನ್ನು ಹಿಡಿದುಕೊಂಡಿತು.

ಎರಡನೇ ಹಂತ ಆರಂಭವಾದ ವಾರವೇ ಪ್ರವೀಣನಿಗೆ ಜ್ವರ ಬಂತು. ಹಿಂದಿನ ದಿನ ಮೆಟ್ಟಿಲ ಮೇಲೆ ಓಡಾಡುತ್ತಿದ್ದ ಹುಡುಗ ಮಾರನೆಯ ದಿನ ಗಾಜಿನ ಬಾಗಿಲ ಆಚೆ ನಳಿಗೆಗಳ ನಡುವೆ ಮಲಗಿದ್ದ. ಔಷಧಿಯಿಂದ ಮೈಯೊಳಗಿನ ಕಾವಲು ಕುಸಿದು ನಂಜು ಏರಿದೆ ಎಂದರು. ಮೂರನೆಯ ದಿನ ಬೆಳಿಗ್ಗೆ ಅರ್ಚನಾಳ ಕೂಗು ಇಡೀ ಮಹಡಿಗೆ ಕೇಳಿಸಿತು. ಮಂಜಮ್ಮ ಅವಳ ಬಳಿಗೆ ಹೋಗಲಿಲ್ಲ. ವಾಣಿಯ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿ ಗೋಡೆಗೆ ಒರಗಿ ನಿಂತಳು. ರೋಗ ಹೋಗಿದೆ, ಇನ್ನು ಕೊಲ್ಲುವುದು ಔಷಧಿಯೇ ಎಂಬುದು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು. ಆ ಮಧ್ಯಾಹ್ನ ಕ್ರಾಂತಿ ಶವ ಊರಿಗೆ ಕಳಿಸುವ ಓಡಾಟದಲ್ಲಿದ್ದಾಗ ಮಂಜಮ್ಮ ಮಗಳ ತಲೆಗೆ ಸ್ಕಾರ್ಫ್ ಕಟ್ಟಿ, ಬಟ್ಟೆ ಚೀಲ ಹೆಗಲಿಗೇರಿಸಿ, ಯಾರಿಗೂ ಹೇಳದೆ ಹೊಸಪೇಟೆ ಬಸ್ಸು ಹತ್ತಿದಳು.

ಮನೆಯಲ್ಲಿ, "ಆರಾಮಾಗೇತಿ, ಮತ್ತ ಕರದಾಗ ಹೋಗಬೇಕಂತ" ಎಂದಳು. ಫೋನಿನಲ್ಲಿ ಮಾರೇಶನಿಗೂ ಅದನ್ನೇ ಹೇಳಿದಳು. ಅವನು ಅತ್ತುಬಿಟ್ಟ. "ನಮ್ಮ ತಾಯಿ ಹುಲಿಗೆಮ್ಮ ಕಣ್ಣು ಬಿಟ್ಟಳು ಬಿಡಲೇ" ಎಂದ. ಕ್ರಾಂತಿಯ ಕರೆಗಳು ಬರುತ್ತಲೇ ಇದ್ದವು. ಮಂಜಮ್ಮ ಆ ನಂಬರನ್ನು ಬ್ಲಾಕ್ ಮಾಡಿದಳು. ಬೇರೆ ನಂಬರಿನಿಂದ ಬಂದರೆ ದನಿ ಕೇಳಿದ ಕೂಡಲೇ ಕಡಿದು ಹಾಕುತ್ತಿದ್ದಳು.

ಆಷಾಢ ಹೋಯಿತು, ಶ್ರಾವಣ ಹೋಯಿತು. ವಾಣಿಗೆ ತಲೆಯ ತುಂಬ ಮೆತ್ತನೆಯ ಹೊಸ ಕೂದಲು ಬಂತು. ಗಲ್ಲ ತುಂಬಿತು. ಶಾಲೆಗೂ ಹೋಗತೊಡಗಿದಳು. ನೋಡಿದವರೆಲ್ಲ ಸಂತೋಷಪಟ್ಟರು. ಮಂಜಮ್ಮನೊಬ್ಬಳಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಆಸ್ಪತ್ರೆ ನೆನಪಾದರೆ ಪ್ರವೀಣನ ಗಾಜಿನ ಬಾಗಿಲು ಕಾಣುತ್ತಿತ್ತು. ಆಸ್ಪತ್ರೆ ಬೇಡವೆಂದುಕೊಂಡರೆ ಡಾಕ್ಟರು ಹೇಳಿದ ಬೇರು ಮಗಳ ಮೂಳೆಯೊಳಗೆ ಸದ್ದಿಲ್ಲದೆ ಕವಲೊಡೆಯುತ್ತಿರುವಂತೆ ಅನಿಸುತ್ತಿತ್ತು. ಅತ್ತ ಹೋದರೆ ಹುಲಿ, ಇತ್ತ ಬಂದರೆ ಬಾವಿ. ಯಾರೊಡನೆಯೂ ಆಡುವಂತಿಲ್ಲ. ಆಡಿದರೆ ಸುಳ್ಳು ಬಯಲಾಗುತ್ತದೆ.

ದಸರೆಗೆ ಕೆಲವೇ ದಿನಗಳಿದ್ದವು. ಮಂಜಮ್ಮನಿಗೆ ಆವತ್ತು ಹರಪನಹಳ್ಳಿ ರೂಟು. ಹರಪನಹಳ್ಳಿ ನಿಲ್ದಾಣದಿಂದ ಕೊಟ್ಟೂರು ಮೇಲೆ ವಾಪಸು ಹೊರಟ ಬಸ್ಸು ತುಂಬಿ ತುಳುಕುತ್ತಿತ್ತು. ಹೆಂಗಸರಿಗೆಲ್ಲ ಫ್ರೀ ಟಿಕೆಟು. ಆಧಾರ್ ಕಾರ್ಡು ನೋಡಿ, ಟಿಕೆಟು ಹರಿದು ಕೊಡುತ್ತ ಮಂಜಮ್ಮ ಮುಂದೆ ಮುಂದೆ ಬಂದಳು.

"ಎಲ್ಲಿಗ್ರಿ?" ಎಂದು ಮುಖ ನೋಡದೆ ಕೇಳಿದಳು.

"ನೀನು ಎಲ್ಲೀತನಕ ಹೋಗ್ತೀಯೋ ಅಲ್ಲಿಗೆ."

ಮಂಜಮ್ಮ ತಲೆ ಎತ್ತಿದಳು. ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಅರ್ಚನಾ ಕೂತಿದ್ದಳು. ಅರ್ಧಕ್ಕರ್ಧ ಇಳಿದು ಹೋಗಿದ್ದಳು, ಕಣ್ಣ ಕೆಳಗೆ ಕಪ್ಪು. 'ಪ್ರವೀಣನಮ್ಮ' ಎಂದು ಬಾಯಿಗೆ ಬಂದ ಮಾತನ್ನು ಮಂಜಮ್ಮ ನುಂಗಿಕೊಂಡಳು. ಪ್ರವೀಣನೇ ಇಲ್ಲದ ಮೇಲೆ ಇವಳನ್ನು ಏನೆಂದು ಕರೆಯಬೇಕು? ಟಿಕೆಟ್ ಮಷಿನ್ನಿನ ಗುಂಡಿಯನ್ನು ತಪ್ಪಾಗಿ ಒತ್ತಿದಳು. ಸಾವೇ ಸೀರೆಯುಟ್ಟು ತನ್ನ ಬಸ್ಸು ಹತ್ತಿದೆ ಅನ್ನಿಸಿತು ಅವಳಿಗೆ. ಟಿಕೆಟು ಕೈಗಿಟ್ಟವಳೇ ಜನರನ್ನು ತಳ್ಳಿಕೊಂಡು ಹಿಂದಿನ ಬಾಗಿಲಿಗೆ ಹೋಗಿ ನಿಂತಳು. ಕೊಟ್ಟೂರು ಬರುವ ತನಕ ಮುಂದಕ್ಕೆ ಬರಲೇ ಇಲ್ಲ. ಆದರೂ ಕಣ್ಣು ಅರ್ಚನಾಳ ಹಸಿರು ಸೀರೆಯ ಬೆನ್ನಿನ ಮೇಲೇ ಇತ್ತು. ಅದು ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಕೊಟ್ಟೂರಿನಲ್ಲಿ ಬಸ್ಸು ಬರಿದಾಯಿತು. ಚಾಲಕ ಗಾಳೆಪ್ಪ ಚಹಾಕ್ಕೆ ಇಳಿಯುವಾಗ ಕನ್ನಡಿಯಲ್ಲಿ ಅವಳನ್ನು ನೋಡಿ, "ಯಾಕ ತಂಗಿ, ಮಾರಿ ಬೆಳ್ಳಗಾಗೇತಿ? ಆರಾಮಿಲ್ಲೇನು?" ಎಂದ. "ಏನಿಲ್ಲಣ್ಣ" ಎಂದಳು. ಇಳಿದು ಓಡಿಹೋಗಬಹುದಿತ್ತು. ಆದರೆ ಕಂಡಕ್ಟರಾದವಳು ತನ್ನ ಬಸ್ಸು ಬಿಟ್ಟು ಓಡುವುದೆಲ್ಲಿಗೆ?

ಅರ್ಚನಾ ಎದ್ದು ಬಂದು ಅವಳೆದುರಿನ ಸೀಟಿನಲ್ಲಿ ಕೂತಳು.

"ವಾಣಿ ಹೆಂಗಿದಾಳೆ?"

"ಆರಾಮ ಅದಾಳ. ಸಾಲಿಗೆ ಹೊಂಟಾಳ" ಎಂದಳು ಮಂಜಮ್ಮ. ಸಾಲದೆನಿಸಿ, "ತಲಿ ತುಂಬ ಕೂದಲ ಬಂದಾವ" ಎಂದಳು.

"ಪ್ರವೀಣಂಗೂ ಬಂದಿದ್ವು" ಎಂದಳು ಅರ್ಚನಾ.

ಮಂಜಮ್ಮನಿಗೆ ತಿಳಿಯಲಿಲ್ಲ. ಅವಳು ಕಂಡಾಗಿನಿಂದ ಪ್ರವೀಣನ ತಲೆ ಬೋಳೇ ಇತ್ತು.

"ನೀನು ನೋಡಿದ್ದು ಎರಡನೇ ಸಲ, ವಾಣಿಯಮ್ಮ. ಅದಕ್ಕೂ ಎರಡು ವರ್ಷ ಮುಂಚೆ ಅದೇ ಆಸ್ಪತ್ರೆಗೆ ಹೋಗಿದ್ವಿ. ಅವಾಗಲೂ ರೋಗ ಕಾಣ್ತಿಲ್ಲ ಅಂದಿದ್ರು. ಹುಡುಗ ಗುಂಡುಗುಂಡಗೆ ಆದ. ನಮ್ಮ ಮಾವನೋರು, ಇನ್ಯಾಕೆ ಆ ವಿಷದ ನೀರು ಹಾಕಿಸ್ತೀರಿ, ಹುಡುಗ ಕಲ್ಲಿನಂಗಿದಾನೆ ಅಂದ್ರು. ನನಗೂ ಹೌದು ಅನಿಸ್ತು. ಅರ್ಧಕ್ಕೇ ಬಿಟ್ಟು ಬಂದ್ವಿ. ಒಂದು ವರ್ಷ ಆಡ್ಕೊಂಡಿದ್ದ. ಆಮೇಲೆ ಒಂದಿನ ಹಲ್ಲುಜ್ಜೋವಾಗ ಬಾಯ್ತುಂಬ ರಕ್ತ." ಅವಳು ಕಿಟಕಿಯ ಸರಳು ಹಿಡಿದುಕೊಂಡಳು. "ತಿರುಗಿ ಬಂದ ರೋಗ ಮೊದಲಿನಂಗೆ ಇರಲ್ಲಂತೆ. ಔಷಧಿ ಎರಡರಷ್ಟು ಹಾಕಬೇಕಾಯ್ತು. ಆ ಔಷಧಿ ತಡಕೊಳ್ಳೋ ಕಸುವು ನನ್ನ ಮಗನ ಮೈಯಾಗೆ ಉಳಿದಿರಲಿಲ್ಲ."

ಮಂಜಮ್ಮ ಕೇಳಿದಳು. "ಕ್ರಾಂತಿ ಕಳಿಸ್ಯಾಳೇನು ನಿನ್ನ?"

"ಯಾರೂ ಕಳಿಸಿಲ್ಲ. ವಾಣಿಯಮ್ಮ ಎಲ್ಲಿದಾಳೆ ಗೊತ್ತಾ ಅಂತ ಕ್ರಾಂತಿ ಕೇಳಿದ್ಲು. ಗೊತ್ತಿಲ್ಲ ಅಂದೆ. ಆಮೇಲೆ ಒಂದಿನ ಸ್ಟ್ಯಾಂಡಿನಾಗೆ ನಿನ್ನ ನೋಡಿದೆ. ಬಸ್ಸಿನ ಹತ್ರ ಬಂದು, ಕಾಲು ಬರದೆ ಮನೆಗೆ ಹೋದೆ. ಇನ್ನೊಂದಿನಾನೂ ಹಂಗೇ. ನಿನ್ನ ನೋಡಿದ್ರೆ ನನ್ನ ಮಗ ಚೌಕಾಬಾರ ಆಡೋದು ಕಣ್ಮುಂದೆ ಬರ್ತಿತ್ತು."

"ಅದನ್ನೆಲ್ಲ ನನಗ್ಯಾಕ ಹೇಳ್ತಿ?" ಮಂಜಮ್ಮನ ದನಿ ಏರಿತು. "ಹೆದರ್ಸಾಕ ಬಂದಿಯೇನು ನನ್ನ?"

"ಹೌದು. ಹೆದರ್ಸಕ್ಕೇ ಬಂದೀನಿ" ಎಂದಳು ಅರ್ಚನಾ. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಅವಾಗ ನನ್ನ ಯಾರಾದ್ರೂ ಬಂದು ಹಿಂಗೆ ಹೆದರಿಸಿದ್ದಿದ್ರೆ ಚೆನ್ನಾಗಿತ್ತು."

ಇಷ್ಟು ಹೇಳಿ ಎದ್ದಳು. ಮಂಜಮ್ಮನ ಭುಜವನ್ನು ಮುಟ್ಟಲು ಕೈ ಚಾಚಿದವಳು ಮುಟ್ಟದೆಯೇ ಇಳಿದು, ಎದುರಿಗೆ ನಿಂತಿದ್ದ ಹರಪನಹಳ್ಳಿ ಬಸ್ಸಿನ ಕಡೆ ನಡೆದಳು. ಮಂಜಮ್ಮ ಅವಳನ್ನು ಕೂಗಲಿಲ್ಲ. ಕೂಗಲು ಹೆಸರೇ ತೋಚಲಿಲ್ಲ.

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ತನಕ ಯಾರಿಗೆ ಯಾವ ಟಿಕೆಟು ಕೊಟ್ಟಳೋ ಅವಳಿಗೆ ನೆನಪಿಲ್ಲ. ಡಿಪೊದಲ್ಲಿ ಲೆಕ್ಕ ಒಪ್ಪಿಸಿ ಓಡಿದಂತೆ ಮನೆಗೆ ಬಂದಳು. ಹೊತ್ತು ಇನ್ನೂ ಇಳಿದಿರಲಿಲ್ಲ. ವಾಣಿ ಹಿತ್ತಿಲಲ್ಲಿ ಪಕ್ಕದ ಮನೆಯ ಮಕ್ಕಳ ಜೊತೆ ಹುಲ್ಲಿನ ಮೇಲೆ ಹೊರಳಾಡುತ್ತಿದ್ದಳು.

"ಬಾ ಇಲ್ಲಿ."

"ಇನ್ನೊಂದಾಟ, ಯವ್ವಾ."

"ಬಾ ಅಂದ್ನೆಲ್ಲ!" ಎಂದು ಕಿರುಚಿದಳು. ಮಕ್ಕಳೆಲ್ಲ ಬೆಚ್ಚಿ ನಿಂತವು.

ಪಡಸಾಲೆಯ ಕಿಟಕಿಯ ಬೆಳಕಿಗೆ ಹುಡುಗಿಯನ್ನು ಎಳೆದು ತಂದು ಲಂಗ ಎತ್ತಿ ನೋಡಿದಳು. ಮೊಣಕಾಲಿನ ಕೆಳಗೆ ಎರಡೂ ಕಾಲಿನ ಮೇಲೆ ಕೆಂಪು ಕೆಂಪು ಚುಕ್ಕಿಗಳು.

ಬೆಳಿಗ್ಗೆ ಇರಲಿಲ್ಲ. ಅವಳೇ ನೋಡಿದ್ದಳಲ್ಲ! ಹೆಬ್ಬೆರಳಿನಿಂದ ಒಂದು ಚುಕ್ಕಿಯನ್ನು ಒತ್ತಿದಳು. ಒತ್ತಿದರೆ ಮಾಯವಾಗುವುದು ಸೊಳ್ಳೆಯ ಕಡಿತ, ಮಾಯವಾಗದ್ದು ರಕ್ತದ ಚುಕ್ಕಿ ಎಂದು ಕ್ರಾಂತಿಯೇ ಹೇಳಿಕೊಟ್ಟಿದ್ದಳು. ಬೆರಳು ತೆಗೆದಳು. ಮಾಯವಾಗಿದೆಯೋ, ಹಾಗೇ ಇದೆಯೋ? ಕಣ್ಣೀರು ತುಂಬಿ ಏನೂ ಕಾಣಲಿಲ್ಲ. ಇನ್ನೊಂದನ್ನು ಒತ್ತಿದಳು. ಮತ್ತೊಂದನ್ನು ಒತ್ತಿದಳು.

"ನೋಯತೈತಿ, ಯವ್ವಾ! ಬಿಡು!" ವಾಣಿ ಅಳತೊಡಗಿದಳು.

ಕೆಂಚಕ್ಕ ಒಳಗಿನಿಂದ ಓಡಿ ಬಂದಳು. "ಏನಾತ? ಯಾಕ ಕೂಸನ್ನ ಹಂಗ ಒತ್ತಾಕಹತ್ತಿ? ದೆವ್ವ ಬಡದೈತೇನು ನಿನಗ?"

"ಅತ್ತಿ," ಎಂದಳು ಮಂಜಮ್ಮ, ನೆಲದ ಮೇಲೆ ಕುಸಿದು ಕೂತು. "ಆರಾಮಾಗೇತಿ ಅಂತ ಯಾರೂ ಹೇಳಿಲ್ಲ. ನಾನಽ ಬಿಡಿಸ್ಕೊಂಡು ಓಡಿ ಬಂದೀನಿ."

ಮುದುಕಿ ಬಯ್ಯುತ್ತಾಳೆಂದು ಅಂದುಕೊಂಡಿದ್ದಳು. ಕೆಂಚಕ್ಕ ಬಯ್ಯಲಿಲ್ಲ. ಬಾಗಿ ಮೊಮ್ಮಗಳನ್ನು ಎತ್ತಿಕೊಂಡು, "ಫೋನ್ ಎಲ್ಲೈತಿ? ಯಾರಿಗೆ ಹಚ್ಚಬೇಕೋ ಹಚ್ಚು" ಎಂದಳು.

ಬ್ಲಾಕ್ ತೆಗೆದು ಕರೆ ಮಾಡುವಾಗ ಮಂಜಮ್ಮನಿಗೆ ಇನ್ನೊಂದು ಅಂಜಿಕೆ ಎದ್ದಿತು. ಈಗ ಇವಳು ಬೈದರೆ? ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದರೆ? ನಿಮ್ಮನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದರೆ?

"ಹಲೋ, ವಾಣಿಯಮ್ಮ?" ಎಂದಿತು ಆ ಕಡೆಯ ದನಿ. ಹೆಸರು ಹೇಳುವ ಮೊದಲೇ ಗುರುತು ಹಿಡಿದಿದ್ದಳು. "ವಾಣಿ ಹೆಂಗದಾಳ?"

ಮಂಜಮ್ಮ ಬಿಕ್ಕುತ್ತ ಹೇಳಿದ್ದನ್ನು ಕ್ರಾಂತಿ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಜ್ವರ ಇದೆಯೇ, ಮೂಗಲ್ಲಿ ಬಾಯಲ್ಲಿ ರಕ್ತ ಬಂದಿದೆಯೇ, ಮೂಳೆ ನೋವೆನ್ನುತ್ತಾಳೆಯೇ ಎಂದು ಒಂದೊಂದಾಗಿ ಕೇಳಿದಳು. ಯಾವುದೂ ಇರಲಿಲ್ಲ.

"ಕೇಳಕ್ಕ. ಈಗಽ ಅಲ್ಲೇ ಲ್ಯಾಬಿಗೆ ಕರಕೊಂಡು ಹೋಗಿ ರಕ್ತ ಕೊಡ್ರಿ. ರಿಪೋರ್ಟಿನ ಫೋಟೊ ನನಗ ಕಳಸ್ರಿ, ನಾನು ಡಾಕ್ಟರಿಗೆ ತೋರಿಸ್ತೀನಿ. ರಿಪೋರ್ಟ್ ಹೆಂಗರ ಇರಲಿ, ನಾಳಿಗೆ ಹೊರಟು ಬರ್ರಿ. ಮನ್ಯಾಗ ಕೋಣಿ ಇಟ್ಟಿರ್ತೀನಿ."

"ನಮ್ಮನ್ನ ಮತ್ತ ತಗೋತಾರೇನವ್ವಾ?"

"ಅಯ್ಯ, ಯಾಕ ತಗೊಳ್ಳಂಗಿಲ್ಲ? ನೀವು ಅಂಜಿ ಹೋದ್ರಿ ಅನ್ನೋದು ಎಲ್ಲಾರಿಗೂ ಗೊತ್ತೈತಿ. ಅವತ್ತು ನಿಮ್ಮ ಬಾಜೂಕ ನಾ ಕುಂದ್ರಬೇಕಾಗಿತ್ತು. ಆಗಲಿಲ್ಲ." ಹಿಂದೆಯೇ ಕ್ರಾಂತಿ, "ಮಾರೇಶಣ್ಣಗ ಹೇಳೀರೇನು?" ಎಂದಳು.

"ಇಲ್ಲ."

"ಹೇಳ್ರಿ. ಇದನ್ನ ಒಬ್ಬರಽ ಹೊರಾಕ ಆಗಂಗಿಲ್ಲ."

ಲ್ಯಾಬಿನ ಬೆಂಚಿನ ಮೇಲೆ ಕೂತು ಗಂಡನಿಗೆ ಫೋನು ಮಾಡಿದಳು. ಅತ್ತ ಬೋರು ಕೊರೆಯುವ ಸದ್ದು ಗಡಗಡ ಕೇಳುತ್ತಿತ್ತು. ಅವಳು ಹೇಳಿ ಮುಗಿಸಿದ ಮೇಲೂ ಆ ಸದ್ದೊಂದೇ ಕೇಳಿಸಿತು. ಮಾರೇಶ ಫೋನಿಟ್ಟ. ಬೆಳಗಾಗುವಷ್ಟರಲ್ಲಿ ಯಾರದೋ ಲಾರಿ ಹತ್ತಿ, ಮೈತುಂಬ ಕಲ್ಲಿನ ಪುಡಿ ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಹೆಂಡತಿಯ ಮುಖ ನೋಡಲಿಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡು, "ನಡಿ" ಎಂದಷ್ಟೇ ಹೇಳಿದ. ಬೆಂಗಳೂರು ಮುಟ್ಟುವವರೆಗೂ ಅವನ ಬಾಯಿಂದ ಬಂದದ್ದು ಅದೊಂದೇ ಮಾತು.

ಊರಿನ ರಕ್ತದ ವರದಿಯಲ್ಲಿ ಅಂಥ ಕೆಡುಕೇನೂ ಇರಲಿಲ್ಲ. ಬೆಂಗಳೂರಿನ ಡಾಕ್ಟರಮ್ಮ ಕಾಲಿನ ಚುಕ್ಕಿಗಳನ್ನು ಭೂತಗನ್ನಡಿ ಹಿಡಿದು ನೋಡಿ, "ಇದು ಹುಲ್ಲಿನ ತುರಿಕೆ. ಹುಲ್ಲಲ್ಲಿ ಆಡಿದ್ಲಾ?" ಎಂದರು. ಮಂಜಮ್ಮನಿಗೆ ಜೀವ ಬಂದಂತಾಯಿತು. ಆದರೆ ಡಾಕ್ಟರಮ್ಮ ನಗಲಿಲ್ಲ. "ಮಜ್ಜೆ ಪರೀಕ್ಷೆ ಮಾಡಲೇಬೇಕು. ಇಷ್ಟು ದಿನ ಔಷಧಿ ತಪ್ಪಿದೆ" ಎಂದರು.

ಸೊಂಟದ ಮೂಳೆಗೆ ಸೂಜಿ ಹಾಕುವಾಗ ಮಗುವನ್ನು ಯಾರಾದರೊಬ್ಬರು ಹಿಡಿದುಕೊಳ್ಳಬೇಕಿತ್ತು. ಮಂಜಮ್ಮ ಬಾಗಿಲ ತನಕ ಹೋದಳು. ಒಳಗಿನ ಔಷಧದ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲುಗಳು ಅಲ್ಲಿಂದ ಮುಂದಕ್ಕೆ ಬರಲೊಲ್ಲವು. ಕಿವಿಯಲ್ಲಿ ಅರ್ಚನಾಳ ಆವತ್ತಿನ ಕೂಗು. ಮಾರೇಶ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಒಳಗೆ ಹೋದ. ಸೂಜಿ ಮುಗಿದ ಮೇಲೆ ಹೊರಗೆ ಬಂದ. ಬೆಂಚಿನ ಮೇಲೆ ಅವಳ ಪಕ್ಕ ಕೂತು ಮೊದಲ ಸಲ ಮಾತಾಡಿದ.

"ಲೇ ಮಂಜಿ, ನೀ ಒಬ್ಬಾಕಿನಽ ಇದನ್ನೆಲ್ಲ ನೋಡಿದೇನಲೇ?"

ಅವಳು ತಲೆಯಾಡಿಸಿದಳು. ಮಾರೇಶ ಟವೆಲಿನಿಂದ ಮುಖ ಮುಚ್ಚಿಕೊಂಡ. "ನಾನಾಗಿದ್ರ ಅವತ್ತಽ ಓಡಿ ಹೋಗ್ತಿದ್ದೆ" ಎಂದ ಟವೆಲಿನೊಳಗಿನಿಂದಲೇ.

ವರದಿ ಬರುವವರೆಗೆ ಅವರು ಆ ಮನೆಯ ಹಳೆಯ ಮಹಡಿಯಲ್ಲೇ ಇದ್ದರು. ಎದುರು ಕೋಣೆಯಲ್ಲಿ ಈಗ ಬೇರೆ ಯಾರೋ ಇದ್ದರು. ಆ ಬಾಗಿಲು ತೆರೆದಾಗಲೆಲ್ಲ ಮಂಜಮ್ಮ ಬೆಚ್ಚುತ್ತಿದ್ದಳು. ಕ್ರಾಂತಿ ದಿನವೂ ಬಂದು ಕೂರುತ್ತಿದ್ದಳು. "ಏನೂ ಆಗಂಗಿಲ್ಲ" ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಹಾಗೆ ಹೇಳದಿರುವುದೇ ಮಂಜಮ್ಮನಿಗೆ ಒಂದು ಕಡೆ ಭಯ ಹುಟ್ಟಿಸಿತು, ಇನ್ನೊಂದು ಕಡೆ ಈ ಹುಡುಗಿಯನ್ನು ನಂಬಬಹುದು ಅನ್ನಿಸಿತು.

ವರದಿ ಬಂತು. ಸಾಮಾನ್ಯ ಪರೀಕ್ಷೆಯಲ್ಲಿ ಕಾಣದ್ದು ಸೂಕ್ಷ್ಮ ಪರೀಕ್ಷೆಯಲ್ಲಿ ಕಂಡಿತ್ತು. ಡಾಕ್ಟರಮ್ಮ ಹೇಳಿದ್ದನ್ನು ಕ್ರಾಂತಿ ನಿಧಾನವಾಗಿ ಬಿಡಿಸಿ ಹೇಳಿದಳು.

"ಹೊಲದಾಗ ಕಳೆ ಕಿತ್ತಿರ್ತೀರಲ್ಲ ಅಕ್ಕ, ಮ್ಯಾಲೆ ಏನೂ ಕಾಣಂಗಿಲ್ಲ, ಮಣ್ಣು ಕೆದರಿದ್ರ ಸಣ್ಣ ಮೊಳಕಿ ಕಾಣತಾವ. ಹಂಗ. ರೋಗ ತಿರುಗಿ ಚಿಗರಾಕ ಹತ್ತಿತ್ತು. ಇನ್ನೂ ನೆಲದ ಮ್ಯಾಲೆ ಬಂದಿಲ್ಲ."

"ಅಂದ್ರ, ಪ್ರವೀಣನಂಗ..." ಎಂದಳು ಮಂಜಮ್ಮ.

"ಪ್ರವೀಣಂದು ಪೂರಾ ಬೆಳೆದು ನಿಂತಿತ್ತಕ್ಕ. ಇದು ಅಷ್ಟಾಗಿಲ್ಲ. ಆದರ ಔಷಧಿ ಮೊದಲಿಗಿಂತ ಜೋರು ಬೇಕಂತ. ಜ್ವರ ಬರಬಹುದು, ನಂಜಾಗಬಹುದು. ಅದನ್ನ ನಾ ಮುಚ್ಚಿಡಂಗಿಲ್ಲ. ಒಂದು ಮಾತ್ರ ನೆನಪಿಡ್ರಿ. ಮೈ ಬೆಚ್ಚಗಾದ್ರ ಮಾತ್ರಿ ಕೊಟ್ಟು ನೋಡೂಣು ಅನಬ್ಯಾಡ್ರಿ. ಆ ಕ್ಷಣಾನಽ ನಮಗ ಹೇಳ್ರಿ."

ಔಷಧಿ ಮತ್ತೆ ಮೊದಲಿನಿಂದ ಶುರುವಾಯಿತು. ಬಾಯಿ ಹುಣ್ಣಾಯಿತು. ದಿಂಬಿನ ಮೇಲೆ ಕೂದಲು ಗೊಂಚಲು ಗೊಂಚಲಾಗಿ ಉದುರಿತು. ಒಂದು ಮಧ್ಯಾಹ್ನ ಡ್ರಿಪ್ಪಿನ ನಳಿಗೆಯಲ್ಲಿ ಕೆಂಪು ಔಷಧಿ ಇಳಿಯುವುದನ್ನೇ ನೋಡುತ್ತ ವಾಣಿ ಕೇಳಿದಳು.

"ಯವ್ವಾ, ಪ್ರವೀಣಣ್ಣ ಎಲ್ಲದಾನ?"

ಊರಿಗೆ ಹೋಗ್ಯಾನ ಎಂಬ ಮಾತು ಮಂಜಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಮಗುವಿಗೆ ಸುಳ್ಳು ಹೇಳಬೇಡಿ, ಸುಳ್ಳು ಹೇಳಿದರೆ ಅದು ಅದಕ್ಕಿಂತ ದೊಡ್ಡ ಭಯವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಕ್ರಾಂತಿ ಹೇಳಿದ್ದಳು.

"ಅವ ಸತ್ತುಹೋದ, ಪುಟ್ಟಿ."

ವಾಣಿ ಅಳಲಿಲ್ಲ. "ನನಗ ಗೊತ್ತಿತ್ತು" ಎಂದಳು. "ನೀ ಕಿವಿ ಮುಚ್ಚಿದ್ರೂ ಕೇಳಿಸಿತ್ತು." ನಳಿಗೆಯನ್ನೇ ನೋಡುತ್ತ, "ನಾನೂ ಸಾಯ್ತೀನೇನು?" ಎಂದಳು.

ಇಷ್ಟು ದಿನ ಅವಳು ಓಡಿದ್ದು ಈ ಪ್ರಶ್ನೆಯಿಂದಲೇ. ಈಗ ಅದು ಮಗಳ ಬಾಯಿಂದ ಬಂದು ಎದುರು ನಿಂತಿತ್ತು.

"ನನಗ ಗೊತ್ತಿಲ್ಲವ್ವ. ನೀ ಸಾಯಬಾರದು ಅಂತಽ ಇಷ್ಟೆಲ್ಲ ಮಾಡಾಕಹತ್ತೀವಿ. ನನಗೂ ಅಂಜಿಕಿ ಆಗತೈತಿ. ಆದ್ರ ಈ ಸಲ ನಾ ಓಡಂಗಿಲ್ಲ. ನಿನ್ನ ಬಾಜೂಕಽ ಇರ್ತೀನಿ."

ವಾಣಿ ಸೂಜಿಯಿಲ್ಲದ ಕೈಯನ್ನು ಚಾಚಿ ತಾಯಿಯ ಸೆರಗು ಹಿಡಿದುಕೊಂಡಳು. ಹಿಡಿದುಕೊಂಡೇ ನಿದ್ದೆ ಹೋದಳು.

ಸಂಕ್ರಾಂತಿಯ ಹೊತ್ತಿಗೆ ಹುಡುಗಿಗೆ ಜ್ವರ ಬಂದೇ ಬಂತು. ಮಂಜಮ್ಮ ಮಾತ್ರೆಗೆ ಕೈ ಹಾಕಲಿಲ್ಲ. ಮಗಳನ್ನು ಎತ್ತಿಕೊಂಡು ಬರಿಗಾಲಿನಲ್ಲಿ ಆಸ್ಪತ್ರೆಗೆ ಓಡಿದಳು. ಪ್ರವೀಣ ಮಲಗಿದ್ದ ಅದೇ ಗಾಜಿನ ಬಾಗಿಲಿನ ಆಚೆ ವಾಣಿಯನ್ನು ಮಲಗಿಸಿದರು. ಆ ದಿನಗಳಲ್ಲಿ ಮಂಜಮ್ಮ ಏನು ತಿಂದಳು, ಎಲ್ಲಿ ಕೂತಳು ಎಂಬುದು ಅವಳಿಗೇ ನೆನಪಿಲ್ಲ. ಒಂದು ಮಾತ್ರ ನೆನಪಿದೆ. ಯಾರಿಂದ ಸುದ್ದಿ ತಿಳಿಯಿತೋ, ಬಾಗಳಿಯಿಂದ ಅರ್ಚನಾ ಫೋನು ಮಾಡಿದ್ದಳು. ಅತ್ತಲಿಂದ ಉಸಿರಾಡುವ ಸದ್ದಷ್ಟೇ ಬಹಳ ಹೊತ್ತು ಕೇಳಿಸಿತು. "ಅರ್ಚನಾ" ಎಂದಳು ಮಂಜಮ್ಮ ಕೊನೆಗೆ. ಆ ಹೆಸರು ಹಿಡಿದು ಅವಳನ್ನು ಕರೆದದ್ದು ಅದೇ ಮೊದಲು.

ಜ್ವರ ಇಳಿಯಿತು. ಬೇಗ ತಂದಿದ್ದಕ್ಕೆ ಜೀವ ಉಳಿಯಿತು ಎಂದರು ಡಾಕ್ಟರಮ್ಮ.

ಯುಗಾದಿಗೆ ಮುಂಚೆ ಮಾಡಿದ ಸೂಕ್ಷ್ಮ ಪರೀಕ್ಷೆಯಲ್ಲಿ ಮೊಳಕೆ ಕಾಣಲಿಲ್ಲ. ಮಾರೇಶ ಹುಬ್ಬೇರಿಸಿ, "ಅಂದ್ರ ಹೋತೇನ್ರಿ?" ಎಂದು ಕೇಳಿದ. "ಕಾಣಿಸ್ತಿಲ್ಲ ಅಷ್ಟೇ" ಎಂದರು ಡಾಕ್ಟರಮ್ಮ. ಈ ಸಲ ಮಂಜಮ್ಮನ ಕಿವಿಗೆ ಎರಡು ಪದಗಳೂ ಸರಿಯಾಗಿ ಬಿದ್ದವು. ಮಾರೇಶ ಬೋರಿನ ಲಾರಿ ಬಿಟ್ಟು ಹಗರಿಬೊಮ್ಮನಹಳ್ಳಿಯಲ್ಲೇ ಮೋಟರು ರಿಪೇರಿ ಅಂಗಡಿ ಸೇರಿಕೊಂಡ. ತಿಂಗಳಿಗೊಮ್ಮೆ ಗಂಡ ಹೆಂಡತಿ ಸರದಿಯಲ್ಲಿ ಮಗಳನ್ನು ಬೆಂಗಳೂರಿಗೆ ಕರೆದೊಯ್ಯುತ್ತಾರೆ. ಔಷಧಿ ಇನ್ನೂ ಬಹಳ ದಿನ ನಡೆಯಬೇಕಿದೆ.

ಮಂಜಮ್ಮ ಮತ್ತೆ ಬಸ್ಸಿಗೆ ಹೋಗುತ್ತಾಳೆ. ಟಿಕೆಟು ಹರಿಯುವಾಗ ಫೋನು ನಡುಗಿದರೆ ಈಗಲೂ ಅವಳು ಒಮ್ಮೆ ಬೆಚ್ಚುತ್ತಾಳೆ. ಮನೆಯದಾಗಿದ್ದರೆ ತಡಮಾಡದೆ ಎತ್ತಿ, "ಹೇಳ್ರಿ ಅತ್ತಿ" ಅನ್ನುತ್ತಾಳೆ.